ನಗೆಪಾಟಲಾದ ವೀರನ ಮರುಪ್ರವೇಶ: 2011ರ ಆಕ್ವಾಮ್ಯಾನ್

ಆಕ್ವಾಮ್ಯಾನ್‌ನನ್ನು ಕಾಡಿದ್ದು ಮರೆವಲ್ಲ, ನಗೆ. ಕಾಮಿಕ್ಸ್ ಓದದವರಿಗೂ ಅವನ ಹೆಸರು ಗೊತ್ತಿತ್ತು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮೀನುಗಳ ಜೊತೆ ಮಾತನಾಡುವವನು ಎಂದು ಹೇಳಿದರೆ ಸಾಕು, ಅಮೆರಿಕದಲ್ಲಿ ಕೇಳಿದವರ ತುಟಿಯ ಮೇಲೆ ಒಂದು ನಗೆ ಬಂದು ಕೂರುತ್ತಿತ್ತು. ಜನ ಪೂರ್ತಿ ಮರೆತುಬಿಟ್ಟ ಪಾತ್ರವನ್ನು ಮತ್ತೆ ತರುವುದು ಒಂದು ಲೆಕ್ಕಕ್ಕೆ ಸುಲಭ, ಏಕೆಂದರೆ ಓದುಗರ ಮನಸ್ಸಿನಲ್ಲಿ ಮೊದಲು ಅಳಿಸಬೇಕಾದದ್ದು ಏನೂ ಇರುವುದಿಲ್ಲ. ಎಲ್ಲರಿಗೂ ನೆನಪಿರುವ, ಆದರೆ ತಪ್ಪಾದ ಕಾರಣಕ್ಕೆ ನೆನಪಿರುವ ಪಾತ್ರವನ್ನು ಎತ್ತಿ ನಿಲ್ಲಿಸುವುದು ಬೇರೆಯದೇ ಕೆಲಸ. 2011ರ ಸೆಪ್ಟೆಂಬರಿನಲ್ಲಿ ಡಿಸಿ ಕಾಮಿಕ್ಸ್ ಸಂಸ್ಥೆ ತನ್ನ ಸೂಪರ್‌ಹೀರೋ ಸರಣಿಗಳನ್ನೆಲ್ಲ ನಿಲ್ಲಿಸಿ, 'ನ್ಯೂ 52' ಎಂಬ ಹೆಸರಿನಲ್ಲಿ 52 ಸರಣಿಗಳನ್ನು ಒಂದನೆಯ ಸಂಚಿಕೆಯಿಂದ ಹೊಸದಾಗಿ ಆರಂಭಿಸಿದಾಗ, ಜೆಫ್ ಜಾನ್ಸ್ ಬರೆದು ಐವನ್ ರೀಸ್ ಚಿತ್ರಿಸಿದ 'ಆಕ್ವಾಮ್ಯಾನ್' ಆ ಕೆಲಸಕ್ಕೆ ಕೈಹಾಕಿತು. ಈಚೆಗೆ ಅದನ್ನು ಮೊದಲಿನಿಂದ ಮತ್ತೆ ಓದಿದೆ. ಅದಕ್ಕೂ ಹಿಂದಿನ ಪ್ರಯತ್ನಗಳಿಗೂ ಇರುವ ವ್ಯತ್ಯಾಸವೇ ಈ ಬರಹದ ವಿಷಯ.

ಮೊದಲು ಪಾತ್ರದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮಾರ್ಟ್ ವೈಸಿಂಗರ್ ಮತ್ತು ಚಿತ್ರಕಾರ ಪಾಲ್ ನಾರಿಸ್ ಸೇರಿ ಸೃಷ್ಟಿಸಿದ ಆಕ್ವಾಮ್ಯಾನ್ 1941ರಲ್ಲಿ 'ಮೋರ್ ಫನ್ ಕಾಮಿಕ್ಸ್'ನ 73ನೇ ಸಂಚಿಕೆಯಲ್ಲಿ ಕಾಣಿಸಿಕೊಂಡ. ಯುದ್ಧದ ಕಾಲವಾದ್ದರಿಂದ ಮೊದಲ ಕಥೆಯಲ್ಲೇ ಅವನಿಗೆ ಎದುರಾದದ್ದು ನಾಜಿ ಜಲಾಂತರ್ಗಾಮಿ. ಆಗ ಅವನಿಗೆ ಕಡಲಾಳದ ಅಟ್ಲಾಂಟಿಸ್ ರಾಜ್ಯದ ರಾಜವಂಶದ ಸಂಬಂಧ ಇರಲಿಲ್ಲ. ಕಡಲಾಳದ ಅವಶೇಷಗಳನ್ನು ಕಂಡುಹಿಡಿದ ಸಂಶೋಧಕನೊಬ್ಬ ತನ್ನ ಮಗನಿಗೆ ನೀರಿನಲ್ಲಿ ಬದುಕುವ ವಿದ್ಯೆ ಕಲಿಸಿದ ಎಂಬಷ್ಟೇ ಕಥೆ. ದೀಪಸ್ತಂಭದ ಕಾವಲುಗಾರ ಟಾಮ್ ಕರಿ ಮತ್ತು ಅಟ್ಲಾಂಟಿಸ್‌ನಿಂದ ಬಂದ ಅಟ್ಲಾನಾ ಇವರ ಮಗ ಆರ್ಥರ್ ಕರಿ ಎಂಬ, ನಾವೆಲ್ಲ ಇಂದು ಬಲ್ಲ ಜನ್ಮಕಥೆ ಬಂದದ್ದು 1959ರಲ್ಲಿ, 'ಅಡ್ವೆಂಚರ್ ಕಾಮಿಕ್ಸ್' 260ನೇ ಸಂಚಿಕೆಯಲ್ಲಿ. ಅದನ್ನು ಬರೆದವರು ರಾಬರ್ಟ್ ಬರ್ನ್‌ಸ್ಟೀನ್, ಚಿತ್ರಿಸಿದವರು ರಮೋನಾ ಫ್ರಾಡನ್.

ಫ್ರಾಡನ್ ಅವರ ಹೆಸರನ್ನು ಸುಮ್ಮನೆ ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹೆಂಗಸರು ಬೆರಳೆಣಿಕೆಯಷ್ಟೂ ಇಲ್ಲದಿದ್ದ 1951ರಲ್ಲಿ ಈ ಪಾತ್ರವನ್ನು ಕೈಗೆತ್ತಿಕೊಂಡ ಅವರು ಹತ್ತು ವರ್ಷ ಅದನ್ನು ಚಿತ್ರಿಸಿದರು. 1940ರ ದಶಕದ ಕೊನೆಗೆ ಅಮೆರಿಕದ ಸೂಪರ್‌ಹೀರೋಗಳು ಒಬ್ಬೊಬ್ಬರಾಗಿ ಅಂಗಡಿಯಿಂದ ಮಾಯವಾದಾಗ ಎಡೆಬಿಡದೆ ಅಚ್ಚಾಗುತ್ತ ಉಳಿದವರು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮತ್ತು ಇನ್ನು ಒಂದಿಬ್ಬರು ಮಾತ್ರ; ಆ ಒಂದಿಬ್ಬರಲ್ಲಿ ಆಕ್ವಾಮ್ಯಾನ್ ಒಬ್ಬ. ಬೇರೊಬ್ಬರ ಪತ್ರಿಕೆಯ ಹಿಂದಿನ ಪುಟಗಳಲ್ಲಿ ಆರೇಳು ಪುಟದ ಕಥೆಗಳಾಗಿ ಅವನು ಬದುಕಿಕೊಂಡ. ಟೋಪೊ ಎಂಬ ಆಕ್ಟೋಪಸ್ ಅವನ ಜೊತೆಗಾರ. ಫ್ರಾಡನ್ ಅವರ ಗೆರೆಯಲ್ಲಿ ಮೀನು, ಕಡಲ್ಗುದುರೆ, ತಿಮಿಂಗಿಲಗಳಿಗೆ ಮುಖಭಾವಗಳಿವೆ. ಆಕ್ವಾಮ್ಯಾನ್ ಕೂಡ ನೆರೆಮನೆಯ ಹಸನ್ಮುಖಿ ಯುವಕನ ಹಾಗೆ ಕಾಣುತ್ತಾನೆ. ಆ ಕಥೆಗಳಲ್ಲಿ ಹುಡುಗಾಟವಿದೆ, ಆದರೆ ಹಾಸ್ಯಾಸ್ಪದವಾದದ್ದು ಏನೂ ಇಲ್ಲ. 2024ರ ಫೆಬ್ರವರಿಯಲ್ಲಿ, 97ನೆಯ ವಯಸ್ಸಿನಲ್ಲಿ ಫ್ರಾಡನ್ ತೀರಿಕೊಂಡರು.

ಆಕ್ವಾಮ್ಯಾನ್‌ಗೆ ಸ್ವಂತ ಸರಣಿ ಸಿಕ್ಕಿದ್ದು 1962ರಲ್ಲಿ. ನಿಕ್ ಕಾರ್ಡಿಯ ಚಿತ್ರಗಳಿದ್ದ ಆ ಸರಣಿಯಲ್ಲಿ ಮೀರಾ ಬಂದಳು, 1964ರಲ್ಲಿ ಮದುವೆಯೂ ಆಯಿತು, ಮಗುವೂ ಹುಟ್ಟಿತು. 1967ರಲ್ಲಿ ಬ್ಲ್ಯಾಕ್ ಮಾಂಟಾ ಎಂಬ ವೈರಿ ಎದುರಾದ. ಅದೇ ವರ್ಷ ಟೆಲಿವಿಷನ್ನಿನ ಕಾರ್ಟೂನಿನಲ್ಲಿ ಸೂಪರ್‌ಮ್ಯಾನ್ ಜೊತೆ ಕಾರ್ಯಕ್ರಮದ ಹೆಸರಿನಲ್ಲೇ ಪಾಲು ಪಡೆಯುವಷ್ಟು ಅವನು ಜನಪ್ರಿಯನಾಗಿದ್ದ. ಸೂಪರ್‌ಹೀರೋಗಳಲ್ಲಿ ಮದುವೆಯಾಗಿ ಸಂಸಾರ ಹೂಡಿದವರು ಆಗ ತೀರ ವಿರಳ. 1977ರಲ್ಲಿ ಬ್ಲ್ಯಾಕ್ ಮಾಂಟಾ ಆ ಮಗುವನ್ನು ಕೊಂದ. ಮಕ್ಕಳ ಓದೆಂದು ಎಲ್ಲರೂ ತಿಳಿದಿದ್ದ ಪತ್ರಿಕೆಯಲ್ಲಿ ನಾಯಕನ ಹಸುಗೂಸನ್ನೇ ಸಾಯಿಸಿದ ಆ ಕಥೆಯನ್ನು ಬಲ್ಲವರಿಗೆ, ಇವನನ್ನು ಕಂಡು ನಗುವುದು ಹೇಗೆ ಸಾಧ್ಯವಾಯಿತೋ ಎನಿಸುತ್ತದೆ.

ಅದಕ್ಕೆ ಕಾರಣ ಟೆಲಿವಿಷನ್. 1973ರಲ್ಲಿ ಹ್ಯಾನಾ-ಬಾರ್ಬೆರಾ ಸಂಸ್ಥೆ ತಯಾರಿಸಿದ 'ಸೂಪರ್ ಫ್ರೆಂಡ್ಸ್' ಕಾರ್ಟೂನಿನಲ್ಲಿ ಅವನು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಇವರ ಪಕ್ಕದಲ್ಲಿ ನಿಂತ. ಕಥೆಗಳು ನಡೆಯುತ್ತಿದ್ದದ್ದು ನೆಲದ ಮೇಲೆ, ಆಕಾಶದಲ್ಲಿ, ಬಾಹ್ಯಾಕಾಶದಲ್ಲಿ. ನೀರಿನವನಿಗೆ ಅಲ್ಲೇನು ಕೆಲಸ? ಅವನಿಗಾಗಿಯೇ ಬರಹಗಾರರು ಎಲ್ಲಿಂದಲೋ ಒಂದು ಕಡಲನ್ನು ಕಥೆಯೊಳಗೆ ಎಳೆದು ತರಬೇಕಾಗುತ್ತಿತ್ತು, ಅಲ್ಲಿ ಅವನು ಹಣೆಯಿಂದ ಉಂಗುರದಂಥ ಅಲೆಗಳನ್ನು ಹೊಮ್ಮಿಸಿ ಮೀನುಗಳನ್ನು ಕರೆಯುತ್ತಿದ್ದ. ಭೂಮಿಯ ಮುಕ್ಕಾಲು ಪಾಲನ್ನು ಆವರಿಸಿದ ಸಾಗರದ ಒಡೆಯ ಉಳಿದವರ ನಡುವೆ ಕೈಕಟ್ಟಿ ನಿಂತ ಚಿತ್ರವನ್ನು ಒಂದು ಇಡೀ ಪೀಳಿಗೆಯ ಮಕ್ಕಳು ಶನಿವಾರದ ಬೆಳಗುಗಳಲ್ಲಿ ನೋಡಿದರು. ಆ ಮಕ್ಕಳೇ ದೊಡ್ಡವರಾಗಿ ಹಾಸ್ಯ ಕಾರ್ಯಕ್ರಮಗಳಿಗೆ ಬರೆಯತೊಡಗಿದಾಗ ಆಕ್ವಾಮ್ಯಾನ್ ಸಿದ್ಧವಸ್ತುವಾಗಿ ಸಿಕ್ಕಿದ. ನಮ್ಮಲ್ಲಿ ಅನೇಕರು ಈ ಗೇಲಿಯನ್ನು ಮೊದಲು ಕಂಡದ್ದು 'ದಿ ಬಿಗ್ ಬ್ಯಾಂಗ್ ಥಿಯರಿ'ಯಲ್ಲಿರಬೇಕು. 2010ರ ಕೊನೆಯಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ಗೆಳೆಯರೆಲ್ಲ ಜಸ್ಟಿಸ್ ಲೀಗ್ ಎಂಬ ಸೂಪರ್‌ಹೀರೋ ತಂಡದ ವೇಷ ಹಾಕುವಾಗ ಭಾರತದ ರಾಜ್‌ಗೆ ಆಕ್ವಾಮ್ಯಾನ್ ವೇಷ, ಸೊಂಟಕ್ಕೊಂದು ಕಡಲ್ಗುದುರೆ. ಅವನು ಅದಕ್ಕಾಗಿ ಗೊಣಗುತ್ತಲೇ ಇರುತ್ತಾನೆ. ಹೊಸ ಸರಣಿ ಅಂಗಡಿಗೆ ಬಂದದ್ದು ಆ ಕಂತು ಪ್ರಸಾರವಾದ ವರ್ಷದೊಳಗೇ.

ಈ ನಗೆಯನ್ನು ನಿಲ್ಲಿಸಲು ಡಿಸಿ ಸಂಸ್ಥೆ ಅದಕ್ಕೂ ಮೊದಲು ಮಾಡದ ಪ್ರಯತ್ನವಿಲ್ಲ. 1986ರಲ್ಲಿ ನೀಲ್ ಪೋಜ್ನರ್ ಮತ್ತು ಕ್ರೇಗ್ ಹ್ಯಾಮಿಲ್ಟನ್ ನಾಲ್ಕು ಸಂಚಿಕೆಗಳ ಕಿರುಸರಣಿಯಲ್ಲಿ ಕಿತ್ತಳೆ ಅಂಗಿಯನ್ನು ಕಳಚಿ, ಕಡಲ ನೀರಿನ ನೆರಳು-ಬೆಳಕನ್ನು ಹೋಲುವ ನೀಲಿ ಉಡುಪು ತೊಡಿಸಿದರು. ಅದು ಇಂದಿಗೂ ಸೊಗಸಾಗಿ ಕಾಣುತ್ತದೆ, ಆದರೆ ಬಾಳಲಿಲ್ಲ. 1994ರಲ್ಲಿ ಪೀಟರ್ ಡೇವಿಡ್ ಬರೆದ ಸರಣಿ ಇನ್ನೂ ಮುಂದೆ ಹೋಯಿತು: ಎರಡನೆಯ ಸಂಚಿಕೆಯಲ್ಲೇ ಪಿರಾನಾ ಮೀನುಗಳು ಅವನ ಎಡಗೈಯನ್ನು ತಿಂದುಹಾಕುತ್ತವೆ, ಮೊಂಡು ತೋಳಿಗೆ ಅವನು ಹಾರ್ಪೂನ್ ಎಂಬ ಮೀನುಬೇಟೆಯ ಈಟಿಯ ಮೊನೆಯನ್ನು ಸಿಕ್ಕಿಸಿಕೊಳ್ಳುತ್ತಾನೆ. ಉದ್ದ ಕೂದಲು, ಗಡ್ಡ, ಸಿಡುಕು. ಮೀನುಗಳ ಗೆಳೆಯನೆಂದು ನಗುತ್ತಿದ್ದವರಿಗೆ ಮೀನುಗಳಿಂದಲೇ ಕೈ ಕಳೆದುಕೊಂಡವನನ್ನು ತೋರಿಸಿದ್ದರಲ್ಲಿ ಡೇವಿಡ್ ಅವರ ಕುಚೋದ್ಯವೂ ಇತ್ತು, ಧೈರ್ಯವೂ ಇತ್ತು. ಆ ಸರಣಿ 75 ಸಂಚಿಕೆಗಳವರೆಗೆ ನಡೆಯಿತು. ಅದರಲ್ಲಿ ಡೇವಿಡ್ ಬರೆದ ಮೊದಲ ನಾಲ್ಕು ವರ್ಷಗಳ ಭಾಗವನ್ನು ನಾನು ಈಗಲೂ ಇಷ್ಟಪಟ್ಟು ಓದುತ್ತೇನೆ.

2003ರ ಸರಣಿಯಲ್ಲಿ ಹಾರ್ಪೂನಿನ ಜಾಗಕ್ಕೆ ಮಾಂತ್ರಿಕ ಜಲಹಸ್ತ ಬಂತು. ಅದೇ ಸರಣಿಯಲ್ಲಿ ಮುಂದೆ ವಿಲ್ ಫೈಫರ್ ಮತ್ತು ಪ್ಯಾಟ್ರಿಕ್ ಗ್ಲೀಸನ್ ಸ್ಯಾನ್ ಡಿಯಾಗೊ ನಗರದ ಒಂದು ಭಾಗವನ್ನೇ ಕಡಲಿನಲ್ಲಿ ಮುಳುಗಿಸಿ, ಬದುಕುಳಿದವರು ನೀರಿನಲ್ಲಿ ಮಾತ್ರ ಉಸಿರಾಡಬಲ್ಲ ಹಾಗಾದ ಕಥೆಯೊಂದನ್ನು ಕಟ್ಟಿದರು. ಅಟ್ಲಾಂಟಿಸ್‌ನ ಅರಮನೆ ರಾಜಕೀಯಕ್ಕಿಂತ ಈ ಮುಳುಗಿದ ನಗರದ ಕಲ್ಪನೆ ಎಷ್ಟೋ ಮೇಲು. ನಿನ್ನೆಯವರೆಗೆ ಕಾರು ಓಡಿಸುತ್ತಿದ್ದವರು ಇಂದು ಅದೇ ಬೀದಿಯಲ್ಲಿ ಈಜುತ್ತ, ಮೇಲಿನ ಗಾಳಿಗೆ ಹೆದರುತ್ತ ಬದುಕಬೇಕು. ಅವರಿಗೆ ಆಕ್ವಾಮ್ಯಾನ್ ರಾಜನೂ ಅಲ್ಲ, ನಗೆಪಾಟಲೂ ಅಲ್ಲ, ದಾರಿ ಬಲ್ಲ ಒಬ್ಬನೇ ಒಬ್ಬ. ದುರದೃಷ್ಟಕ್ಕೆ ಅದೂ ಹೆಚ್ಚು ಕಾಲ ಉಳಿಯಲಿಲ್ಲ. 2006ರಲ್ಲಿ ಕರ್ಟ್ ಬ್ಯೂಸಿಕ್ ಅದೇ ಹೆಸರಿನ ಬೇರೊಬ್ಬ ತರುಣನನ್ನು ತಂದು ಖಡ್ಗ-ಸಾಹಸದ ಕಥೆ ಬರೆದರು, ಹಳೆಯ ಆಕ್ವಾಮ್ಯಾನ್ ಸತ್ತ, 2007ರ ಕೊನೆಗೆ ಸರಣಿಯೇ ಮುಚ್ಚಿತು.

ಉಡುಪು, ಕೈ, ಗಡ್ಡ, ಕೊನೆಗೆ ಮನುಷ್ಯನನ್ನೇ ಬದಲಾಯಿಸಿ ನೋಡಿದ್ದಾಯಿತು. ಈ ಎಲ್ಲ ಪ್ರಯತ್ನಗಳ ಹಿಂದೆ ಇದ್ದ ಊಹೆ ಒಂದೇ: ನಗುವವರು ಹೇಳುವುದು ಸರಿ, ಕೊರತೆ ಇರುವುದು ಪಾತ್ರದಲ್ಲಿ, ಅದನ್ನು ತುಂಬಿದರೆ ನಗೆ ನಿಲ್ಲುತ್ತದೆ. ಆದರೆ ನಗುತ್ತಿದ್ದವರು ಈ ಸರಣಿಗಳನ್ನು ಓದಿದವರೇ ಅಲ್ಲ. ಅವರ ತಲೆಯಲ್ಲಿದ್ದದ್ದು 1973ರ ಕಾರ್ಟೂನು. ಓದದವರ ಮನಸ್ಸಿನಲ್ಲಿರುವ ಕಿತ್ತಳೆ ಅಂಗಿಯನ್ನು ಓದುವವರ ಪುಟದಲ್ಲಿ ಹರಿದು ಹಾಕಿದರೆ ಏನು ಬಂತು?

ಪ್ರತಿಸ್ಪರ್ಧಿ ಮಾರ್ವೆಲ್ ಸಂಸ್ಥೆಯ ನೇಮರ್‌ನನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಿಲ್ ಎವರೆಟ್ 1939ರಲ್ಲಿ ಸೃಷ್ಟಿಸಿದ ನೇಮರ್ ಆಕ್ವಾಮ್ಯಾನ್‌ಗಿಂತ ಎರಡು ವರ್ಷ ದೊಡ್ಡವನು. ಅವನೂ ಮನುಷ್ಯ ತಂದೆಗೂ ಕಡಲಿನ ತಾಯಿಗೂ ಹುಟ್ಟಿದವನು. ತೊಡುವುದು ಒಂದು ಚಡ್ಡಿ, ಕಾಲಿನ ಹರಡಿನಲ್ಲಿ ಪುಟ್ಟ ರೆಕ್ಕೆಗಳು. ನಗುವುದಕ್ಕೆ ಅವನಲ್ಲಿ ಸಾಮಗ್ರಿ ಹೆಚ್ಚೇ ಇದೆ. ಆದರೂ ಯಾರೂ ನಗಲಿಲ್ಲ. ಅವನು ಮೊದಲ ಕಥೆಯಿಂದಲೇ ನೆಲದವರ ಮೇಲೆ ಕೆರಳಿದವನು, ಮತ್ತು ಅವನ ಮರುಪ್ರವೇಶ ಕಾಮಿಕ್ಸ್ ಇತಿಹಾಸದ ಅತ್ಯಂತ ಚೊಕ್ಕ ಮರುಪ್ರವೇಶಗಳಲ್ಲೊಂದು. 1962ರ 'ಫೆಂಟಾಸ್ಟಿಕ್ ಫೋರ್' ನಾಲ್ಕನೆಯ ಸಂಚಿಕೆಯಲ್ಲಿ, ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ, ಗೆಳೆಯರೊಂದಿಗೆ ಜಗಳವಾಡಿ ಹೊರಬಿದ್ದ, ಮೈಯಿಂದ ಬೆಂಕಿ ಹೊಮ್ಮಿಸಬಲ್ಲ ಜಾನಿ ಸ್ಟಾರ್ಮ್‌ನನ್ನು ನ್ಯೂಯಾರ್ಕಿನ ಬೋವರಿ ಪ್ರದೇಶದ ಒಂದು ಕಳಪೆ ವಸತಿಗೃಹಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಅವನ ಕೈಗೆ 1940ರ ದಶಕದ ಹಳೆಯ ನೇಮರ್ ಕಾಮಿಕ್ ಪುಸ್ತಕ ಸಿಗುತ್ತದೆ. ಅಲ್ಲೇ ಇದ್ದ, ನೆನಪು ಕಳೆದುಕೊಂಡ, ಗಡ್ಡ ಬೆಳೆದ ನಿರ್ಗತಿಕನೊಬ್ಬನ ಗಡ್ಡವನ್ನು ಅವನು ತನ್ನ ಬೆಂಕಿಯಿಂದ ಸವರಿ ತೆಗೆಯುತ್ತಾನೆ. ಒಳಗಿನಿಂದ ಪುಸ್ತಕದಲ್ಲಿದ್ದ ಮುಖವೇ ಹೊರಬರುತ್ತದೆ. ಅವನನ್ನು ಎತ್ತಿಕೊಂಡು ಹೋಗಿ ಕಡಲಿಗೆ ಹಾಕಿದೊಡನೆ ನೆನಪು ಮರಳುತ್ತದೆ, ನೆನಪಿನ ಜೊತೆಗೆ ಕೋಪವೂ. ಲೀ ಮತ್ತು ಕರ್ಬಿ ನೇಮರ್‌ನಲ್ಲಿ ಏನನ್ನೂ ಬದಲಿಸಲಿಲ್ಲ. ಅವನ ಮರೆವನ್ನೇ ಕಥೆಯಾಗಿಸಿದರು.

ಆಕ್ವಾಮ್ಯಾನ್‌ನ ವಿಷಯದಲ್ಲಿ ಕಥೆಯಾಗಬೇಕಿದ್ದದ್ದು ಮರೆವಲ್ಲ, ಗೇಲಿ. ಇದನ್ನು ಹಿಡಿದದ್ದೇ ಜಾನ್ಸ್ ಅವರ ಜಾಣತನ. ಅದಕ್ಕೆ ಮೊದಲು ಅವರು ಗ್ರೀನ್ ಲ್ಯಾಂಟರ್ನ್ ಮತ್ತು ಫ್ಲ್ಯಾಶ್ ಸರಣಿಗಳನ್ನು ಮರಳಿ ಕಟ್ಟಿದ ಅನುಭವವುಳ್ಳವರು. ಚಿತ್ರಕಾರ ಐವನ್ ರೀಸ್, ಶಾಯಿಯ ಕೆಲಸ ಮಾಡಿದ ಜೋ ಪ್ರಾಡೊ, ಬಣ್ಣ ತುಂಬಿದ ರಾಡ್ ರೀಸ್ ಮೂವರೂ ಬ್ರೆಜಿಲ್‌ನವರು. ಈ ತಂಡ ಕಿತ್ತಳೆ ಅಂಗಿ, ಹಸಿರು ಷರಾಯಿ, ಹೊಂಬಣ್ಣದ ಗಿಡ್ಡ ಕೂದಲು, ನುಣ್ಣಗೆ ಬೋಳಿಸಿದ ಗಲ್ಲ ಎಲ್ಲವನ್ನೂ ಇದ್ದ ಹಾಗೇ ಉಳಿಸಿಕೊಂಡಿತು. ಅಂಗಿಯ ಒಂದೊಂದು ಹುರುಪೆಯನ್ನೂ ಐವನ್ ರೀಸ್ ಲೋಹದ ಬಿಲ್ಲೆಯ ಹಾಗೆ ತಿದ್ದಿ ಬರೆದಿರುವುದರಿಂದ ಅದು ಬಟ್ಟೆಯಾಗಿ ಕಾಣದೆ ಕವಚವಾಗಿ ಕಾಣುತ್ತದೆ. ಬಣ್ಣ ಅದೇ.

ಮೊದಲ ಸಂಚಿಕೆಯನ್ನು ಹತ್ತಿರದಿಂದ ನೋಡೋಣ. ಬಾಸ್ಟನ್ ನಗರದಲ್ಲಿ ದರೋಡೆಕೋರರ ಕವಚವಾಹನವೊಂದನ್ನು ಪೊಲೀಸರು ಬೆನ್ನಟ್ಟುತ್ತಿದ್ದಾರೆ. ಆಕ್ವಾಮ್ಯಾನ್ ನಡುರಸ್ತೆಯಲ್ಲಿ ನಿಂತು ತ್ರಿಶೂಲವನ್ನು ಅದರ ಅಡಿಗೆ ಕೊಟ್ಟು ಇಡೀ ವಾಹನವನ್ನು ಮಗುಚಿ ಹಾಕುತ್ತಾನೆ. ಗುಂಡು ಹಾರಿಸಿದರೆ ಅವನ ಹಣೆಯಲ್ಲಿ ಒಂದು ಗೀರು ರಕ್ತ ಕಾಣುತ್ತದೆ, ಅಷ್ಟೆ. ಇಷ್ಟನ್ನೆಲ್ಲ ಕಣ್ಣಾರೆ ಕಂಡ ಪೊಲೀಸರಲ್ಲಿ ಒಬ್ಬ ಕೇಳುವುದು, ಕುಡಿಯಲು ಒಂದು ಲೋಟ ನೀರು ಬೇಕೇ ಎಂದು. ಆ ಮಾತಿನಲ್ಲಿ ದುರುದ್ದೇಶವಿಲ್ಲ. ಅವನಿಗೆ ಆಕ್ವಾಮ್ಯಾನ್ ಬಗ್ಗೆ ಗೊತ್ತಿರುವುದೇ ಅಷ್ಟು. ಇಲ್ಲಿಂದ ಮುಂದೆ ಲೇಖಕರು, ಓದುಗ ಪುಸ್ತಕದಂಗಡಿಯಲ್ಲಿ ಕೇಳಿರಬಹುದಾದ ಪ್ರತಿಯೊಂದು ಜೋಕನ್ನೂ ತಾವೇ ಮೊದಲು ಹೇಳಿಬಿಡುತ್ತಾರೆ.

ಮುಂದಿನ ದೃಶ್ಯ ಮೀನೂಟದ ಒಂದು ಹೋಟೆಲು. ಆಕ್ವಾಮ್ಯಾನ್ ಪೂರ್ತಿ ವೇಷದಲ್ಲಿ ಒಳಬಂದು ಮೇಜಿನ ಮುಂದೆ ಕೂತು ಫಿಶ್ ಅಂಡ್ ಚಿಪ್ಸ್ ಹೇಳುತ್ತಾನೆ. ಸುತ್ತಲಿನವರಿಗೆ ದಿಗಿಲು: ಮೀನುಗಳ ಜೊತೆ ಮಾತನಾಡುವವನು ಮೀನು ತಿನ್ನುವುದು ಹೇಗೆ? ಮೀನಿನ ಮಿದುಳು ಸಂಭಾಷಣೆ ನಡೆಸುವಷ್ಟು ಬೆಳೆದದ್ದಲ್ಲ, ತಾನು ಮಾಡುವುದು ಅವುಗಳ ನಡುಮಿದುಳನ್ನು ಮುಟ್ಟಿ ಒಂದು ಕಡೆಗೆ ತಳ್ಳುವುದಷ್ಟೇ ಎಂಬ ವಿವರಣೆ ಇಲ್ಲೇ ಬರುತ್ತದೆ. ಬ್ಲಾಗ್ ಬರೆಯುವ ತರುಣನೊಬ್ಬ ಎದುರಿನ ಕುರ್ಚಿಗೆ ಬಂದು ಕೂತು ಪ್ರಶ್ನೆಗಳನ್ನು ಎಸೆಯುತ್ತಾನೆ, ಕೊನೆಗೆ ಯಾರಿಗೂ ಅಚ್ಚುಮೆಚ್ಚಲ್ಲದ ಸೂಪರ್‌ಹೀರೋ ಆಗಿರುವುದು ಹೇಗನ್ನಿಸುತ್ತದೆ ಎಂದು ಮುಖಕ್ಕೇ ಕೇಳುತ್ತಾನೆ. (ಬ್ಲಾಗ್ ಬರೆಯುವವನಾದ ನನಗೆ ಈ ಪುಟ ಪ್ರತಿಸಲವೂ ಸ್ವಲ್ಪ ಚುಚ್ಚುತ್ತದೆ.) ಆಕ್ವಾಮ್ಯಾನ್ ಆ ಹೋಟೆಲಿಗೆ ಬಂದದ್ದು ಚಿಕ್ಕಂದಿನಲ್ಲಿ ಅಪ್ಪ ಅಲ್ಲಿಗೆ ಕರೆತರುತ್ತಿದ್ದ ಎಂಬ ಕಾರಣಕ್ಕೆ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ. ನಮಗೆ ಮಾತ್ರ ಆ ನೆನಪು ಕಾಣುತ್ತದೆ. ಚಿನ್ನದ ನಾಣ್ಯಗಳನ್ನು ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾನೆ.

ಈ ದೃಶ್ಯದಲ್ಲಿ ಆಕ್ವಾಮ್ಯಾನ್ ತನ್ನ ಶಕ್ತಿಯನ್ನು ತೋರಿಸಿ ಯಾರ ಬಾಯನ್ನೂ ಮುಚ್ಚಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ನಗೆಯನ್ನು ಅವನು ಗೆಲ್ಲುವುದಿಲ್ಲ, ಸಹಿಸುತ್ತಾನೆ. ಜೋಕು ಈಗ ಪಾತ್ರದ ಮೈಮೇಲಿನ ಕಲೆಯಾಗಿ ಉಳಿಯದೆ ಪಾತ್ರ ಬದುಕುವ ಲೋಕದ ವಾಸ್ತವವಾಗುತ್ತದೆ, ಮತ್ತು ಅಲ್ಲಿಯವರೆಗೆ ನಗುವವರ ಸಾಲಿನಲ್ಲಿ ಕೂತಿದ್ದ ಓದುಗ ತನಗೇ ಗೊತ್ತಿಲ್ಲದೆ ಮೇಜಿನ ಈಚೆಗೆ, ಗೇಲಿಗೊಳಗಾದವನ ಪಕ್ಕಕ್ಕೆ ಬಂದು ಕೂತಿರುತ್ತಾನೆ. ಜಾನ್ಸ್ ಅವರ ಕೈ ಇಲ್ಲಿ ಸ್ವಲ್ಪ ಭಾರವಾಗಿದೆ ಎಂದು ಹೇಳುವವರ ಮಾತನ್ನೂ ನಾನು ಒಪ್ಪುತ್ತೇನೆ. ಒಂದೇ ಸಂಚಿಕೆಯಲ್ಲಿ ಅಷ್ಟೂ ಜೋಕುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆದಂತಿದೆ; ಎರಡು ಕಡಿಮೆಯಾಗಿದ್ದರೂ ಪರಿಣಾಮ ಕುಗ್ಗುತ್ತಿರಲಿಲ್ಲ.

ಗೇಲಿಗೆ ಉತ್ತರ ಕೊಡಲು ಇನ್ನೊಂದು ದಾರಿಯೂ ಇತ್ತು. 2008ರಲ್ಲಿ ಆರಂಭವಾದ 'ಬ್ಯಾಟ್‌ಮ್ಯಾನ್: ದಿ ಬ್ರೇವ್ ಅಂಡ್ ದಿ ಬೋಲ್ಡ್' ಕಾರ್ಟೂನಿನ ಆಕ್ವಾಮ್ಯಾನ್ ಗಡ್ಡಧಾರಿ, ಗಟ್ಟಿ ದನಿಯವನು, ತನ್ನ ಸಾಹಸಗಳನ್ನು ತಾನೇ ಬಣ್ಣಿಸಿಕೊಂಡು ತಾನೇ ಖುಷಿಪಡುವ ಆಸಾಮಿ. ನಗುವವರಿಗಿಂತ ದೊಡ್ಡದಾಗಿ ತಾನೇ ನಕ್ಕುಬಿಟ್ಟರೆ ಗೇಲಿಗೆ ಜಾಗವೆಲ್ಲಿ? ಜಾನ್ ಡಿಮಾಜಿಯೊ ದನಿ ಕೊಟ್ಟ ಆ ಪಾತ್ರ ಜಾನ್ಸ್ ಅವರ ಮೌನಿ ನಾಯಕನಿಗಿಂತ ಮಕ್ಕಳಿಗೆ ಹೆಚ್ಚು ಹತ್ತಿರವಾಯಿತೆಂದು ನನ್ನ ಅನಿಸಿಕೆ. ಆದರೆ ಆ ದಾರಿಯಲ್ಲಿ ವರ್ಷಗಟ್ಟಲೆ ಸಾಗುವ ತಿಂಗಳ ಸರಣಿ ಕಟ್ಟುವುದು ಕಷ್ಟ.

2011ರ ಸರಣಿ ಬರೀ ಗೇಲಿಗೆ ಕೊಟ್ಟ ಉತ್ತರವಾಗಿದ್ದರೆ ಎರಡನೆಯ ತಿಂಗಳಿಗೇ ಬರಿದಾಗುತ್ತಿತ್ತು. ಅದನ್ನು ಹಿಡಿದೆತ್ತಿದ್ದು ಕಡಲು. ಮೊದಲ ಸಂಚಿಕೆ ಆರಂಭವಾಗುವುದು ಬಾಸ್ಟನ್ನಿನಲ್ಲಲ್ಲ, ಸಾಗರದಾಳದ ಕಂದಕದಲ್ಲಿ. ಕತ್ತಲಲ್ಲಿ ಯಾವುವೋ ಜೀವಿಗಳು ಎಚ್ಚರಗೊಂಡು, ಮೇಲೆ ಆಹಾರವಿದೆ ಎಂದು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತವೆ. 'ದಿ ಟ್ರೆಂಚ್' ಎಂಬ ಈ ಮೊದಲ ನಾಲ್ಕು ಸಂಚಿಕೆಗಳ ಕಥೆಯಲ್ಲಿ ವೈರಿಗೆ ಸೇಡಿಲ್ಲ, ಸಂಚಿಲ್ಲ, ಇರುವುದು ಹಸಿವೊಂದೇ. ಕಡಲಾಳದ ಜೀವವಿಜ್ಞಾನವನ್ನು ಸ್ವಲ್ಪ ಬಲ್ಲವರಿಗೆ ಈ ಆಯ್ಕೆ ಎಷ್ಟು ಸರಿಯಾದದ್ದು ಎಂದು ತಿಳಿಯುತ್ತದೆ. ನೀರಿನಲ್ಲಿ 200 ಮೀಟರ್ ಕೆಳಗೆ ಸಸ್ಯಗಳು ಬೆಳೆಯುವಷ್ಟು ಬೆಳಕಿರುವುದಿಲ್ಲ, 1,000 ಮೀಟರಿನ ಕೆಳಗೆ ಬಿಸಿಲೇ ತಲುಪುವುದಿಲ್ಲ. 6,000 ಮೀಟರಿಗೂ ಆಳದ ಕಂದಕಗಳಲ್ಲಿ ಬದುಕುವ ಜೀವಿಗಳ ಪಾಲಿಗೆ ಬರುವುದು ಮೇಲಿನ ಲೋಕದಲ್ಲಿ ಸತ್ತದ್ದು, ಅಳಿದುಳಿದದ್ದು, ಪುಡಿಪುಡಿಯಾಗಿ ಕೆಳಗಿಳಿಯುವ ತುಣುಕುಗಳು. ಮರಿಯಾನಾ ಕಂದಕದ ತಳದಲ್ಲಿ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಅಂಥ ಕಡೆಯಿಂದ ಎದ್ದು ಬಂದವರಿಗೆ ದಡದ ಒಂದು ಊರು ಹೇಗೆ ಕಾಣಬೇಡ?

ರೀಸ್ ಈ ಜೀವಿಗಳನ್ನು ಬರೆದಿರುವ ರೀತಿಯಲ್ಲಿ ಆಳಕಡಲಿನ ಆಂಗ್ಲರ್ ಮೀನಿನ ನೆರಳಿದೆ: ಬಾಯೊಳಗೆ ಹಿಡಿಸದಷ್ಟು ಉದ್ದನೆಯ, ಹೊರಚಾಚಿದ ಸೂಜಿಹಲ್ಲುಗಳು, ಬಣ್ಣ ಕಳೆದುಕೊಂಡ ಚರ್ಮ. ಆದರೆ ಅವು ಎರಡು ಕಾಲಿನ ಮೇಲೆ ನಿಲ್ಲುತ್ತವೆ, ತಿನ್ನುವುದನ್ನೆಲ್ಲ ಅಲ್ಲೇ ತಿನ್ನದೆ ಹೊತ್ತುಕೊಂಡು ಹೋಗುತ್ತವೆ. ಕೆಳಗೆ ಅವುಗಳಿಗೊಂದು ಸಂಸಾರವಿದೆ, ರಾಣಿಯಿದ್ದಾಳೆ ಎಂದು ಆಮೇಲೆ ಗೊತ್ತಾಗುತ್ತದೆ. ಹಾಗಾಗಿ ಕೊನೆಯಲ್ಲಿ ಆಕ್ವಾಮ್ಯಾನ್ ಅವುಗಳನ್ನು ಕಂದಕದಲ್ಲೇ ಮುಚ್ಚಿಹಾಕುವಾಗ ಗೆದ್ದ ಸಂಭ್ರಮ ಅವನಲ್ಲಿಲ್ಲ. ದಡದ ಜನರನ್ನು ಉಳಿಸಲು ಒಂದು ಜೀವಕುಲವನ್ನೇ ಅವನು ಕೈಬಿಟ್ಟಿದ್ದಾನೆ, ಆ ಜನರಾದರೋ ನಾಳೆ ಮತ್ತೆ ಅವನನ್ನು ಕಂಡು ನಗುವವರೇ.

ಮೀರಾಳ ಪಾತ್ರವೂ ಇಲ್ಲಿ ಹೊಸ ಜೀವ ಪಡೆಯಿತು. ಆರನೆಯ ಸಂಚಿಕೆ ಪೂರ್ತಿ ಅವಳದ್ದು. ಹಿಂದಿನ ದಾಳಿಯಲ್ಲಿ ಒಡೆಯನನ್ನು ಕಳೆದುಕೊಂಡ ನಾಯಿಯೊಂದನ್ನು ದಂಪತಿಗಳು ಮನೆಗೆ ತಂದಿದ್ದಾರೆ. ಅದರ ಊಟದ ಡಬ್ಬಿ ಕೊಳ್ಳಲು ಅವಳು ಊರಿನ ಅಂಗಡಿಗೆ ಹೋಗುತ್ತಾಳೆ. ಅಂಗಡಿಯ ಮ್ಯಾನೇಜರ್ ಮೈಮೇಲೆ ಕೈಹಾಕಲು ಬರುತ್ತಾನೆ, ಅವಳು ಅವನ ಕೈ ಮುರಿಯುತ್ತಾಳೆ, ಪೊಲೀಸರು ಬರುತ್ತಾರೆ. ಲೋಕವನ್ನುಳಿಸುವ ಕೆಲಸಗಳ ನಡುವೆ ನಾಯಿಯ ಊಟದ ಡಬ್ಬಿಗಾಗಿ ಒಂದು ಇಡೀ ತಿಂಗಳ ಸಂಚಿಕೆಯನ್ನು ಮೀಸಲಿಟ್ಟದ್ದು ನನಗೆ ಈ ಸರಣಿಯ ದೊಡ್ಡ ಆತ್ಮವಿಶ್ವಾಸವೆನಿಸುತ್ತದೆ. ಮುಂದಿನ ಕಥೆಯಲ್ಲಿ ಬ್ಲ್ಯಾಕ್ ಮಾಂಟಾ ಬರುತ್ತಾನೆ, ಮತ್ತು ಇಲ್ಲಿ ಜಾನ್ಸ್ ಇನ್ನೊಂದು ದಿಟ್ಟ ಹೆಜ್ಜೆ ಇಡುತ್ತಾರೆ. ತನ್ನ ತಂದೆಯ ಸಾವಿಗೆ ಕಾರಣನಾದ ಮಾಂಟಾನನ್ನು ಕೊಲ್ಲಲು ಹೋದ ಹದಿಹರೆಯದ ಆರ್ಥರ್ ಕತ್ತಲಲ್ಲಿ ತಪ್ಪಿ ಮಾಂಟಾನ ತಂದೆಯನ್ನು ಕೊಂದಿದ್ದ ಎಂದು ಗೊತ್ತಾಗುತ್ತದೆ. ಆಗ ವೈರಿಯ ದ್ವೇಷಕ್ಕೆ ಕಾರಣ ಸಿಗುತ್ತದೆ. ಹೋಟೆಲಿನಲ್ಲಿ ಎಲ್ಲ ಮಾತನ್ನೂ ನುಂಗಿಕೊಂಡು ಕೂತವನ ತಾಳ್ಮೆಯ ಹಿಂದೆ ಏನಿತ್ತು ಎಂಬುದಕ್ಕೂ.

ನನ್ನ ದೃಷ್ಟಿಯಲ್ಲಿ ಸರಣಿ ತನ್ನ ದಾರಿಯಿಂದ ಸರಿದದ್ದು 2012ರ ಕೊನೆಯಲ್ಲಿ ಆರಂಭವಾದ 'ಥ್ರೋನ್ ಆಫ್ ಅಟ್ಲಾಂಟಿಸ್' ಕಥೆಯಿಂದ. ಇದು ಅರ್ಧ ಈ ಸರಣಿಯಲ್ಲಿ, ಅರ್ಧ 'ಜಸ್ಟಿಸ್ ಲೀಗ್' ಸರಣಿಯಲ್ಲಿ ನಡೆಯುತ್ತದೆ. ಅಟ್ಲಾಂಟಿಸ್‌ನ ಮೇಲೆ ಕ್ಷಿಪಣಿಗಳು ಬಿದ್ದಾಗ ಆರ್ಥರನ ತಮ್ಮ ಓರ್ಮ್ ಅಮೆರಿಕದ ಕರಾವಳಿಯ ನಗರಗಳ ಮೇಲೆ ಅಲೆಗಳನ್ನು ಎಬ್ಬಿಸುತ್ತಾನೆ; ಆ ದಾಳಿಯ ಯೋಜನೆಯಲ್ಲಿ ಹಿಂದೆ ಆರ್ಥರನದೇ ಕೈ ಇತ್ತು ಎಂಬುದು ಅದರೊಳಗಿನ ಒಳ್ಳೆಯ ತಿರುವು. ಓರ್ಮ್ ಖಳನಲ್ಲ, ತನ್ನ ಜನರನ್ನು ಕೊಂದವರ ಮೇಲೆ ರಾಜನೊಬ್ಬ ಮಾಡಬೇಕಾದದ್ದನ್ನೇ ಮಾಡುವವನು. ಇಷ್ಟೆಲ್ಲ ಚೆನ್ನಾಗಿದ್ದರೂ ಇದು ಮುಗಿಯುವ ಹೊತ್ತಿಗೆ ಆರ್ಥರ್ ಮತ್ತೆ ಸಿಂಹಾಸನದ ಮೇಲಿರುತ್ತಾನೆ. ದೀಪಸ್ತಂಭದ ಮನೆ, ಊರಿನ ಅಂಗಡಿ, ನಾಯಿ ಎಲ್ಲವೂ ಹಿಂದೆ ಸರಿಯುತ್ತವೆ. ನಗುವವರ ನಡುವೆ ಬದುಕುವ ಮನುಷ್ಯನ ಕಥೆ ಹೋಗಿ ದಾಯಾದಿ ಜಗಳದ ಕಥೆ ಬಂತು. ಅರಮನೆಯ ಸಂಚುಗಳನ್ನು ಯಾರು ಬೇಕಾದರೂ ಬರೆಯಬಹುದು, ಆ ಹೋಟೆಲಿನ ದೃಶ್ಯವನ್ನು ಎಲ್ಲರೂ ಬರೆಯಲಾರರು. ಜಾನ್ಸ್ 2013ರಲ್ಲಿ, 25ನೆಯ ಸಂಚಿಕೆಯೊಂದಿಗೆ ಸರಣಿಯನ್ನು ಬಿಟ್ಟರು. ಐವನ್ ರೀಸ್ ಅದಕ್ಕೂ ಮೊದಲೇ ಹೊರಟಿದ್ದರು.

ಆಮೇಲಿನದು ಎಲ್ಲರಿಗೂ ಗೊತ್ತಿರುವಂಥದ್ದು. ಜೇಮ್ಸ್ ವಾನ್ ನಿರ್ದೇಶಿಸಿ ಜೇಸನ್ ಮೊಮೊವಾ ನಟಿಸಿದ ಚಲನಚಿತ್ರ 2018ರಲ್ಲಿ ಬಂದು ನೂರು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರ ಕಥೆಯಲ್ಲಿ ಜಾನ್ಸ್ ಅವರ ಪಾಲೂ ಇದೆ. ಓರ್ಮ್ ಇದ್ದಾನೆ, ತಂದೆಯನ್ನು ಕಳೆದುಕೊಂಡ ಮಾಂಟಾ ಇದ್ದಾನೆ, ಕೆಂಪು ದೀವಟಿಗೆಯ ಬೆಳಕಿನಲ್ಲಿ ದೋಣಿಯ ಸುತ್ತ ಮುತ್ತಿಕೊಳ್ಳುವ ಕಂದಕದ ಜೀವಿಗಳೂ ಇವೆ. ಡೋಲು ಬಾರಿಸುವ ಆಕ್ಟೋಪಸ್ ಒಂದು ನಿಮಿಷ ತೆರೆಯ ಮೇಲೆ ಕಂಡು ಮರೆಯಾದಾಗ, 1950ರ ದಶಕದ ಟೋಪೊವನ್ನು ಬಲ್ಲವರು ಕುಳಿತಲ್ಲೇ ಹಿಗ್ಗಿರಬೇಕು. ಮೊಮೊವಾನ ಗಡ್ಡ ಮತ್ತು ಜಡೆಗಟ್ಟಿದ ಕೂದಲು ಡೇವಿಡ್ ಅವರ 1994ರ ಆಕ್ವಾಮ್ಯಾನ್‌ಗೆ ಹತ್ತಿರ, ಕಥೆ ಜಾನ್ಸ್ ಅವರದಕ್ಕೆ ಹತ್ತಿರ, ಖುಷಿಯ ಅಬ್ಬರ ಕಾರ್ಟೂನಿನದಕ್ಕೆ. ಸೋತವೆಂದು ಎಣಿಸಿದ್ದ ಹಳೆಯ ಪ್ರಯತ್ನಗಳಿಗೂ ಹೀಗೆ ಅಲ್ಲಿ ಜಾಗ ಸಿಕ್ಕಿತು.

ಕಾಮಿಕ್ಸ್‌ನಲ್ಲಿ ಮರುಪ್ರವೇಶಗಳು ನಿಲ್ಲುವುದಿಲ್ಲ. ಮಾರ್ವೆಲ್ 2024ರಲ್ಲಿ ಜೇಸನ್ ಆರನ್ ಬರೆದ ಎಂಟು ಸಂಚಿಕೆಗಳ ನೇಮರ್ ಸರಣಿ ತಂದಿತು. ಡಿಸಿ 2025ರ ಜನವರಿಯಲ್ಲಿ ಜೆರೆಮಿ ಆಡಮ್ಸ್ ಮತ್ತು ಜಾನ್ ಟಿಮ್ಸ್ ಜೋಡಿಯ ಹೊಸ 'ಆಕ್ವಾಮ್ಯಾನ್' ಆರಂಭಿಸಿತು. ಈಗ ಬರೆಯುವವರ ಕಷ್ಟ ಜಾನ್ಸ್ ಅವರದಕ್ಕೆ ತಲೆಕೆಳಗಾದದ್ದು. ಮೊಮೊವಾನನ್ನು ಮೊದಲು ಕಂಡ ಮಕ್ಕಳಿಗೆ ಆಕ್ವಾಮ್ಯಾನ್ ಎಂದರೆ ಭುಜಬಲದ, ಮೈತುಂಬ ಹಚ್ಚೆಯ ಧೀರ; ಅವನನ್ನು ಕಂಡು ಯಾರಾದರೂ ನಕ್ಕಾರು ಎಂಬುದೇ ಅವರಿಗೆ ಹೊಳೆಯುವುದಿಲ್ಲ. ನನ್ನ ತಂಗಿಯ ಮಗನಿಗೆ 2011ರ ಮೊದಲ ಸಂಪುಟ ಕೊಟ್ಟಾಗ ಹೋಟೆಲಿನ ಪುಟಗಳು ಅವನಿಗೆ ಅರ್ಥವಾಗಲಿಲ್ಲ. ಇಷ್ಟು ಬಲಶಾಲಿಯನ್ನು ಆ ಜನ ಯಾಕೆ ಗೇಲಿ ಮಾಡುತ್ತಾರೆ ಎಂದು ಕೇಳಿದ. ನಾನು 1973ರ ಕಾರ್ಟೂನಿನಿಂದ ಆರಂಭಿಸಿ ಹೇಳುವಷ್ಟರಲ್ಲಿ ಅವನಿಗೆ ಆಸಕ್ತಿ ಹೋಗಿತ್ತು. ಟ್ರೆಂಚ್‌ನ ಪುಟಗಳಿಗೆ ಯಾರ ವಿವರಣೆಯೂ ಬೇಕಾಗಲಿಲ್ಲ. ಅವುಗಳ ರಾಣಿ ಮುಂದೆ ಮತ್ತೆ ಬರುತ್ತಾಳೋ ಎಂದು ತಿಳಿಯಲು ಈಗ ಎರಡನೆಯ ಸಂಪುಟ ಕೇಳುತ್ತಿದ್ದಾನೆ.